ಬಸ್ಸಿಗೂ ಜೀವ ಉಂಟು ಅನ್ನುವ ಮಗುವಿಗೆ ಏನು ಹೇಳುವುದು?

ಪ್ರಶ್ನೆ: ನನ್ನ ಮಗಳಿಗೆ ಐದು ವರ್ಷ. ಮಂಗಳೂರಿನಲ್ಲಿ ಯುಕೆಜಿಗೆ ಹೋಗುತ್ತಾಳೆ. ಕಳೆದ ವಾರ ‘ಜೀವ ಇರುವುದಕ್ಕೆ ಸುತ್ತು ಹಾಕಿ’ ಅಂತ ಒಂದು ವರ್ಕ್‌ಶೀಟ್ ಬಂದಿತ್ತು. ನಾಯಿ, ಬಸ್ಸು, ಸೂರ್ಯ, ಸಮುದ್ರ ನಾಲ್ಕಕ್ಕೂ ಸುತ್ತು ಹಾಕಿದಳು. ತೆಂಗಿನಮರ, ಕುರ್ಚಿ ಎರಡನ್ನೂ ಬಿಟ್ಟಳು. ಟೀಚರ್ ಕೆಂಪು ಪೆನ್ನಲ್ಲಿ ನಾಲ್ಕು ಕಡೆ ತಪ್ಪು ಹಾಕಿ ಕಳಿಸಿದ್ದಾರೆ. ‘ಜೀವ ಇರುವುದು ಚಲಿಸುತ್ತದೆ, ತಿನ್ನುತ್ತದೆ, ಉಸಿರಾಡುತ್ತದೆ, ಬೆಳೆಯುತ್ತದೆ’ ಅಂತ ನಾನು ಬಾಯಿಪಾಠ ಮಾಡಿಸಿದೆ. ಈಗ ಅವಳದು ಹೊಸ ವಾದ: “ಬಸ್ಸು ಓಡ್ತದೆ, ಡೀಸೆಲ್ ಕುಡೀತದೆ, ಹೊಗೆ ಬಿಡ್ತದೆ. ಮತ್ತೆ ಜೀವ ಇಲ್ಲ ಯಾಕೆ?” ಮನೆಯಲ್ಲಿ ಅತ್ತೆ ನಾಗಬನದ ಕಲ್ಲಿಗೆ ಹಾಲೆರೆಯುತ್ತಾರೆ. “ಆ ಕಲ್ಲಿಗೆ ಜೀವ ಉಂಟಾ?” ಅಂತಲೂ ಕೇಳಿದಳು. ನನಗೆ ಎರಡಕ್ಕೂ ಉತ್ತರ ಹೊಳೆಯಲಿಲ್ಲ. ಹೇಗೆ ಹೇಳಿಕೊಡಲಿ?

ಉತ್ತರ:

ಮೊದಲು ಆ ಹಾಳೆಯನ್ನು ಇನ್ನೊಮ್ಮೆ ತೆಗೆಯಿರಿ. ಕೆಂಪು ಗುರುತುಗಳನ್ನು ಬಿಟ್ಟು ಮಗಳು ಹಾಕಿದ ಸುತ್ತುಗಳನ್ನು ಮಾತ್ರ ನೋಡಿ. ನಾಯಿ ಓಡುತ್ತದೆ. ಬಸ್ಸು ಓಡುತ್ತದೆ. ಸೂರ್ಯ ಬೆಳಿಗ್ಗೆ ಗುಡ್ಡದ ಕಡೆ, ಸಂಜೆ ಕಡಲಿನ ಕಡೆ. ಸಮುದ್ರ ಅಂತೂ ಒಂದು ನಿಮಿಷ ಸುಮ್ನೆ ಇರುವುದಿಲ್ಲ. ತೆಂಗಿನಮರ ನಿಂತಲ್ಲೇ ನಿಂತಿದೆ, ಕುರ್ಚಿಯೂ ನಿಂತಿದೆ. ಆರು ಚಿತ್ರಕ್ಕೂ ಅವಳು ಒಂದೇ ನಿಯಮ ಹಾಕಿದ್ದಾಳೆ, ಒಂದು ಕಡೆಯೂ ತಪ್ಪಿಲ್ಲ. ನಿಯಮ ಸರಿ ಇಲ್ಲ ಅನ್ನುವುದು ಬೇರೆ ಮಾತು. ಸುಮ್ನೆ ಊಹಿಸಿ ಗೀಚಿದ ಮಗುವಿಗೂ ಇವಳಿಗೂ ಬಹಳ ವ್ಯತ್ಯಾಸ ಇದೆ. ಕೆಂಪು ಪೆನ್ನಿಗೆ ಅದು ಕಾಣುವುದಿಲ್ಲ, ಪಾಪ.

ಈ ನಿಯಮ ಅವಳೊಬ್ಬಳದೇ ಅಲ್ಲ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ 1920ರ ದಶಕದಲ್ಲೇ ಮಕ್ಕಳನ್ನು ಕೂರಿಸಿಕೊಂಡು ಸೂರ್ಯ, ಗಾಳಿ, ಸೈಕಲ್ಲು, ಮೋಡ ಅಂತ ಒಂದೊಂದನ್ನೇ ಕೇಳಿದ್ದರು. ಚಿಕ್ಕವರು ಏನಾದರೂ ಕೆಲಸ ಮಾಡುವುದಕ್ಕೆಲ್ಲ ಜೀವ ಇದೆ ಅಂದರು. ಸ್ವಲ್ಪ ದೊಡ್ಡವರು ಅಲುಗಾಡುವುದಕ್ಕೆ ಮಾತ್ರ ಅಂದರು. ಇನ್ನೂ ದೊಡ್ಡವರು ತಾನಾಗಿಯೇ ಅಲುಗಾಡುವುದಕ್ಕೆ ಅಂದರು. ಪ್ರಾಣಿ, ಗಿಡ ಇವೆರಡೇ ಅನ್ನುವುದು ಕೊನೆಯ ಮೆಟ್ಟಿಲು. ನಿಮ್ಮ ಮಗಳು ಎರಡನೆಯದರಲ್ಲೋ ಮೂರನೆಯದರಲ್ಲೋ ನಿಂತಿದ್ದಾಳೆ.

ಆದರೆ ಪಿಯಾಜೆ ಕೇಳಿದ ರೀತಿ ಮಕ್ಕಳಿಗೆ ಕಷ್ಟದ್ದು ಅಂತ ಮುಂದೆ ಬಂದವರು ತೋರಿಸಿದರು. 1988ರಲ್ಲಿ ಕ್ರಿಸ್ಟೀನ್ ಮ್ಯಾಸಿ ಮತ್ತು ರೋಶೆಲ್ ಗೆಲ್ಮನ್ ಎಂಬ ಇಬ್ಬರು ಸಂಶೋಧಕಿಯರು ಮೂರು, ನಾಲ್ಕು ವರ್ಷದ ಮಕ್ಕಳಿಗೆ ಕೆಲವು ಫೋಟೋ ತೋರಿಸಿದರು. ಕಂಡೇ ಇರದ ಪ್ರಾಣಿ, ಪ್ರಾಣಿಯಂಥ ಗೊಂಬೆ, ಚಕ್ರದ ಸಾಮಾನು, ಹೀಗೆ. ‘ಜೀವ ಇದೆಯಾ’ ಅಂತ ಕೇಳಲಿಲ್ಲ. ‘ಇದು ತಾನೇ ಗುಡ್ಡ ಹತ್ತುತ್ತದಾ?’ ಅಂತ ಕೇಳಿದರು. ಮಕ್ಕಳು ಹೆಚ್ಚಿನವಕ್ಕೆ ಸರಿಯಾಗಿಯೇ ಹೇಳಿದರು. ಗೊಂಬೆಗೆ ಕಾಲಿದ್ದರೂ ಆಗುವುದಿಲ್ಲ ಅಂದರು. ಅಂದರೆ ವಿಷಯ ಅವರ ತಲೆಯಲ್ಲಿ ಇದೆ, ‘ಜೀವ’ ಎಂಬ ಮಾತೇ ದೊಡ್ಡದಾಯಿತು.

ಹಾಗಾಗಿ ಬಸ್ಸಿನ ವಾದಕ್ಕೆ ಬಸ್ಸನ್ನೇ ಇಟ್ಟುಕೊಂಡು ಮಾತಾಡಿ. “ಡ್ರೈವರ್ ಮಾಮ ಚಾ ಕುಡಿಯಲು ಹೋದರೆ ಬಸ್ಸು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಿಂದ ತಾನೇ ಹೊರಟು ಸುರತ್ಕಲ್‌ಗೆ ಹೋಗ್ತದಾ?” ಅಂತ ಕೇಳಿ. ನಗುತ್ತಾಳೆ. ಆಮೇಲೆ ಡೀಸೆಲ್ ವಿಷಯಕ್ಕೆ ಬನ್ನಿ. “ನೀನು ಕಳೆದ ವರ್ಷ ಹಾಕಿದ ಚಪ್ಪಲಿ ಈಗ ಆಗ್ತದಾ? ಯಾಕೆ ಆಗುವುದಿಲ್ಲ? ಊಟ ಮಾಡಿ ಕಾಲು ದೊಡ್ಡದಾಯಿತು. ಡೀಸೆಲ್ ಕುಡಿದು ಕುಡಿದು ಆಟೋರಿಕ್ಷಾ ಬಸ್ಸಾದದ್ದನ್ನು ನೋಡಿದ್ದೀಯಾ?” ಇದು ಬರೀ ತಮಾಷೆ ಅಂದುಕೊಳ್ಳಬೇಡಿ. ನಾವು ತಿಂದದ್ದು ನಮ್ಮ ಮೈಯೇ ಆಗುತ್ತದೆ. ಡೀಸೆಲ್ ಉರಿದು ಹೋಗುತ್ತದೆ, ಬಸ್ಸಿನ ಮೈಗೆ ಏನೂ ಸೇರುವುದಿಲ್ಲ.

ನನಗೆ ಇನ್ನೂ ಇಷ್ಟವಾದ ಪ್ರಶ್ನೆ ಗಾಯದ್ದು. ಐದು ವರ್ಷದ ಮಗುವಿನ ಮೊಣಕಾಲಲ್ಲಿ ಯಾವಾಗಲೂ ಒಂದು ಗಾಯ ಇದ್ದೇ ಇರುತ್ತದೆ, ಅಲ್ವಾ? ಅದನ್ನೇ ತೋರಿಸಿ. ಮೊದಲ ದಿನ ರಕ್ತ, ಆಮೇಲೆ ಕಪ್ಪು ಹಕ್ಕಳೆ, ಆಮೇಲೆ ತುರಿಕೆ, ಆಮೇಲೆ ಹೊಸ ಚರ್ಮ. ಯಾರೂ ಬಂದು ಹೊಲಿಯಲಿಲ್ಲ. ಬಸ್ಸಿನ ಟಯರ್ ಪಂಚರ್ ಆದರೆ? ಒಂದು ವಾರ ಬಿಟ್ಟು ನೋಡಿದರೂ ಪಂಚರೇ. ಮಾವಿನ ಮರದಲ್ಲೋ ಹಲಸಿನ ಮರದಲ್ಲೋ ಹಿಂದೆ ಕೊಂಬೆ ಕಡಿದ ಜಾಗ ಹುಡುಕಿ, ಸುತ್ತ ತೊಗಟೆ ಉಂಗುರದ ಹಾಗೆ ಉಬ್ಬಿ ಒಳಗೆ ಮುಚ್ಚಿಕೊಂಡು ಬರುತ್ತಿರುತ್ತದೆ. ಅದಕ್ಕೆ ಮಗಳು ಬೆರಳು ಸವರಲಿ. ತೆಂಗಿನಮರದಲ್ಲಿ ಮಾತ್ರ ಇದನ್ನು ತೋರಿಸಲು ಹೋಗಬೇಡಿ. ಹತ್ತಲು ಕೊರೆದ ಕಚ್ಚು ಹಾಗೇ ಉಳಿಯುತ್ತದೆ. ಮಾವು, ಹಲಸಿನ ಹಾಗೆ ಕಾಂಡ ವರ್ಷ ವರ್ಷ ದಪ್ಪವಾಗುವ ಪದರ ಅದಕ್ಕಿಲ್ಲ. ನಾನು ಒಮ್ಮೆ ತೋಟದಲ್ಲಿ ತೆಂಗಿನ ಬುಡದಲ್ಲೇ ನಿಂತು ಈ ಪಾಠ ಮಾಡಲು ಹೋಗಿ, “ಮುಚ್ಚಲಿಲ್ಲ ಅಲ್ಲ ಟೀಚರ್!” ಅಂತ ಮಕ್ಕಳಿಂದ ಹೇಳಿಸಿಕೊಂಡವಳು.

ನಾನು ಉಡುಪಿ ಕಡೆಯಲ್ಲಿ 26 ವರ್ಷ ಚಿಕ್ಕ ಮಕ್ಕಳಿಗೆ ಪಾಠ ಮಾಡಿದ್ದೇನೆ. ಈಗ ಟೀಚರುಗಳಿಗೆ ತರಬೇತಿ ಕೊಡುತ್ತೇನೆ. ‘ಚಲಿಸುತ್ತದೆ, ತಿನ್ನುತ್ತದೆ, ಉಸಿರಾಡುತ್ತದೆ’ ಎಂಬ ಪಟ್ಟಿಯನ್ನು ನಾನೂ ವರ್ಷಗಟ್ಟಲೆ ಬೋರ್ಡಿನಲ್ಲಿ ಬರೆದಿದ್ದೇನೆ. ಅದನ್ನು ಬಿಡಿಸಿದವನು ಒಬ್ಬ ಆರು ವರ್ಷದ ಹುಡುಗ. ದೀಪಾವಳಿ ಮುಗಿಸಿ ಬಂದಿದ್ದ. “ಟೀಚರ್, ದೀಪ ಎಣ್ಣೆ ತಿಂತದೆ. ಗಾಳಿ ಇಲ್ಲದಿದ್ದರೆ ಸಾಯ್ತದೆ. ಸಣ್ಣದಿದ್ದದ್ದು ದೊಡ್ಡದಾಗ್ತದೆ. ಒಂದು ದೀಪದಿಂದ ಮತ್ತೊಂದು ಹುಟ್ತದೆ. ದೀಪಕ್ಕೆ ಜೀವ ಉಂಟು ಅಲ್ವಾ?” ನನ್ನ ಪಟ್ಟಿಯ ಒಂದೊಂದೇ ಸಾಲು ಹಿಡಿದು ಕೇಳಿದ. “ನಾಳೆ ಹೇಳ್ತೇನೆ ಮಗ” ಅಂತ ಒಂದು ದಿನ ತಪ್ಪಿಸಿಕೊಂಡೆ, ಮಾರಾಯ್ರೆ. ಮರುದಿನ ಹೇಳಿದ್ದು ಇಷ್ಟು: ದೀಪಕ್ಕೆ ಮೈ ಇಲ್ಲ, ತಿಂದದ್ದನ್ನು ಅದು ಇಟ್ಟುಕೊಳ್ಳುವುದಿಲ್ಲ. ನಿನಗೆ ಬೆಳಿಗ್ಗೆ ತಿಂಡಿ ತಡವಾದರೆ ಸ್ವಲ್ಪ ಹೊತ್ತು ತಡೆಯುತ್ತೀ, ಎಣ್ಣೆ ಮುಗಿದ ದೀಪಕ್ಕೆ ತಡೆಯಲು ಆಗುವುದಿಲ್ಲ. ಅವನು ಪೂರ್ತಿ ಒಪ್ಪಲಿಲ್ಲ. ಒಪ್ಪಲೇಬೇಕು ಅಂತ ನಾನೂ ಹಟ ಹಿಡಿಯಲಿಲ್ಲ. ಆ ಪಟ್ಟಿಯ ಯಾವ ಒಂದು ಸಾಲೂ ಒಂಟಿಯಾಗಿ ನಿಲ್ಲುವುದಿಲ್ಲ ಅಂತ ಆವತ್ತು ನನಗೇ ಗೊತ್ತಾಯಿತು.

ಈಗ ತೆಂಗಿನಮರಕ್ಕೆ ಬರೋಣ. ನಿಜವಾದ ತೊಡಕು ಇರುವುದು ಇಲ್ಲಿ. ಬಸ್ಸಿಗೆ ಜೀವ ಇಲ್ಲ ಅನ್ನುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಗಿಡಕ್ಕೆ ಜೀವ ಇದೆ ಅನ್ನುವುದು ಒಳಗೆ ಇಳಿಯಲು ವರ್ಷಗಳೇ ಬೇಕು. ದೊಡ್ಡವರಿಗೂ ಅದು ಪೂರ್ತಿ ಇಳಿದಿರುವುದಿಲ್ಲ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೀವಶಾಸ್ತ್ರದ ಪ್ರೊಫೆಸರುಗಳಿಗೇ ಪರದೆಯ ಮೇಲೆ ಹೆಸರು ತೋರಿಸಿ, ‘ಜೀವ ಇದೆಯೋ ಇಲ್ಲವೋ, ಬೇಗ ಬಟನ್ ಒತ್ತಿ’ ಅಂದರು. ಪ್ರಾಣಿಗಳ ಹೆಸರಿಗಿಂತ ಗಿಡಗಳ ಹೆಸರು ಬಂದಾಗ ಅವರ ಕೈಯೂ ನಿಧಾನವಾಯಿತು. ಜೀವಮಾನವಿಡೀ ಅದನ್ನೇ ಪಾಠ ಮಾಡಿದವರು! ಯುಕೆಜಿ ಹುಡುಗಿಗೆ ಸ್ವಲ್ಪ ಸಮಯ ಕೊಡಬಹುದು ಅಲ್ವಾ?

ನಮ್ಮ ಭಾಷೆಯೂ ಇಲ್ಲಿ ಒಂದು ತೊಡರುಗಾಲು ಹಾಕುತ್ತದೆ. ‘ಪ್ರಾಣಿ’ ಅನ್ನುವ ಮಾತನ್ನೇ ನೋಡಿ. ಪ್ರಾಣ ಇರುವುದು ಪ್ರಾಣಿ. ಹಾಗಾದರೆ ಮರ ಪ್ರಾಣಿಯಾ? ಅಲ್ಲ. ಅಂದರೆ ಮರಕ್ಕೆ ಪ್ರಾಣ ಇಲ್ಲ! ಮಗು ಹೀಗೆ ಲೆಕ್ಕ ಹಾಕಿದರೆ ತಪ್ಪು ಮಗುವಿನದಾ, ಮಾತಿನದಾ? ಹೀಬ್ರೂ ಭಾಷೆಯಲ್ಲೂ ಪ್ರಾಣಿ ಎಂಬ ಮಾತು ಜೀವ ಎಂಬ ಮಾತಿಗೆ ಅಂಟಿಕೊಂಡಿದೆ, ಗಿಡ ಎಂಬ ಮಾತು ಅಂಟಿಕೊಂಡಿಲ್ಲ. ಇಸ್ರೇಲ್, ಜಪಾನ್, ಅಮೆರಿಕ ಮೂರೂ ಕಡೆಯ ಮಕ್ಕಳನ್ನು ಹೋಲಿಸಿ 1993ರಲ್ಲಿ ಒಂದು ಅಧ್ಯಯನ ಬಂತು. ಗಿಡಕ್ಕೆ ಜೀವ ಇಲ್ಲ ಅಂದವರು ಇಸ್ರೇಲಿನ ಮಕ್ಕಳಲ್ಲೇ ಜಾಸ್ತಿ. ಜಪಾನಿನ ಕೆಲವು ಮಕ್ಕಳು ಉಲ್ಟಾ, ಕಲ್ಲಿಗೂ ಜೀವ ಇರಬಹುದು ಅಂದರು. ಮನೆಯ ಮಾತು, ಊರಿನ ನಂಬಿಕೆ ಎರಡೂ ಮಗುವಿನ ಉತ್ತರದಲ್ಲಿ ಸೇರಿಕೊಂಡಿರುತ್ತವೆ.

ಕನ್ನಡದ ವ್ಯಾಕರಣವೂ ಗೆರೆ ಎಳೆದದ್ದು ಬೇರೆ ಜಾಗದಲ್ಲಿ. ‘ಇಬ್ಬರು ಹುಡುಗರು’ ಅನ್ನುತ್ತೇವೆ, ‘ಎರಡು ನಾಯಿ’, ‘ಎರಡು ಕಲ್ಲು’ ಅನ್ನುತ್ತೇವೆ. ನಾಯಿಯೂ ‘ಅದು’, ಕಲ್ಲೂ ‘ಅದು’. ಸಾಲದ್ದಕ್ಕೆ ‘ಮಗು ಮಲಗಿದೆ’! ಇನ್ನು ಮಗು ಎಡವಿ ಬಿದ್ದಾಗ ನಾವೆಲ್ಲ ಏನು ಮಾಡುತ್ತೇವೆ? “ಈ ನೆಲ ಹೊಡೆಯಿತಾ ನನ್ನ ಚಿನ್ನಕ್ಕೆ? ತಾ, ಅದಕ್ಕೆ ಎರಡು ಕೊಡುವ” ಅಂತ ನೆಲಕ್ಕೆ ಹೊಡೆಯುತ್ತೇವೆ. ನಾನೂ ಮೊಮ್ಮಗನಿಗೆ ಹಾಗೆ ಮಾಡಿದ್ದೇನೆ, ಇನ್ನೂ ಮಾಡುತ್ತೇನೆ. ಅದನ್ನು ನಿಲ್ಲಿಸಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಆದರೆ ಮಧ್ಯಾಹ್ನ ನೆಲಕ್ಕೆ ಪೆಟ್ಟು ಕೊಟ್ಟು, ಸಂಜೆ ‘ನೆಲಕ್ಕೆ ಜೀವ ಇಲ್ಲ, ಬರಿ’ ಅಂದರೆ ಮಗು ಒಂದು ಕ್ಷಣ ಗೊಂದಲಕ್ಕೆ ಬೀಳುವುದು ಸಹಜ.

ಹಾಗಾಗಿ ಮನೆಯಲ್ಲಿ ‘ಪ್ರಾಣ’ ಬಿಟ್ಟು ‘ಜೀವ’ ಅನ್ನಿ. ಸಜೀವ, ನಿರ್ಜೀವ ಅನ್ನುವ ದೊಡ್ಡ ಮಾತುಗಳು ಮುಂದೆ ಶಾಲೆಯಲ್ಲಿ ಹೇಗೂ ಬರುತ್ತವೆ.

ಗಿಡದ ಜೀವವನ್ನು ಮಾತಲ್ಲಿ ಒಪ್ಪಿಸಲು ಆಗುವುದಿಲ್ಲ, ಕಾಯಬೇಕು. ನಾನು ಮಾಡಿಸುವುದು ಮೂರು ಗೆರಟೆಯ (ತೆಂಗಿನ ಚಿಪ್ಪಿನ) ಕೆಲಸ. ಒಂದರಲ್ಲಿ ಇಡೀ ಹೆಸರುಕಾಳು, ಇನ್ನೊಂದರಲ್ಲಿ ಹೆಸರುಬೇಳೆ, ಮೂರನೆಯದರಲ್ಲಿ ಅಂಗಳದಿಂದ ಹೆಕ್ಕಿದ ಸಣ್ಣ ಕಲ್ಲು. ಮೂರಕ್ಕೂ ರಾತ್ರಿ ನೀರು ಹಾಕಿ. ಬೆಳಿಗ್ಗೆ ನೀರು ಬಸಿದು ಮೇಲೆ ಒದ್ದೆ ಬಟ್ಟೆ ಮುಚ್ಚಿ. ಬಟ್ಟೆ ಒಣಗದ ಹಾಗೆ ನೋಡಿಕೊಳ್ಳುವ ಜವಾಬ್ದಾರಿ ಮಗಳದ್ದು.

ಮೊದಲ ಬೆಳಿಗ್ಗೆ ಒಂದು ಮೋಸ ಕಾದಿರುತ್ತದೆ. ಕಾಳೂ ಉಬ್ಬಿರುತ್ತದೆ, ಬೇಳೆಯೂ ಉಬ್ಬಿರುತ್ತದೆ. ಮಕ್ಕಳು ಎರಡಕ್ಕೂ ಜೀವ ಉಂಟು ಅಂತ ಕೂಗುತ್ತಾರೆ. ಕೂಗಲಿ, ತಿದ್ದಬೇಡಿ. ಉಬ್ಬಿದ್ದು ನೀರಿನಿಂದ, ಸ್ಪಂಜೂ ಉಬ್ಬುತ್ತದೆ. ಮರುದಿನ ಕಾಳಿನ ಸಿಪ್ಪೆ ಸೀಳಿ ಬಿಳಿ ಮೂತಿ ಹೊರಗೆ ಹಾಕಿರುತ್ತದೆ. ಅಕ್ಕಿ ನುಚ್ಚಿನಷ್ಟೇ ಸಣ್ಣದು. ಮೂರನೇ ದಿನಕ್ಕೆ ಅದು ಬಾಲದಷ್ಟು ಉದ್ದ. ಅಷ್ಟರಲ್ಲಿ ಬೇಳೆ ಲೋಳೆಯಾಗಿ ವಾಸನೆ ಬಂದಿರುತ್ತದೆ. ಕಲ್ಲು ಕಲ್ಲಿನ ಹಾಗೇ ಇರುತ್ತದೆ, ಮೂರು ದಿನದಲ್ಲಿ ಅದಕ್ಕೆ ಏನೂ ಆಗಲಿಲ್ಲ ಅನ್ನುವುದೂ ಮಗು ನೋಡಬೇಕಾದ ಸಂಗತಿಯೇ.

ಒಂದು ವರ್ಷ ಇದೇ ಗೆರಟೆಗಳ ಮುಂದೆ ಕೂತ ಹುಡುಗಿಯೊಬ್ಬಳು ಬೇಳೆ ಮೂಸಿ ಮುಖ ಸಿಂಡರಿಸಿ, “ಟೀಚರ್, ಬೇಳೆಯನ್ನು ಕೊಂದವರು ಯಾರು?” ಅಂತ ಕೇಳಿದಳು. ಎಂಥ ಪ್ರಶ್ನೆ ನೋಡಿ! ಒಂದು ನೆನೆದ ಕಾಳನ್ನು ಉಗುರಿನಿಂದ ಬಿಡಿಸಿ ತೋರಿಸಿದೆ. ಎರಡು ಹೋಳಿನ ನಡುವೆ, ಒಂದು ತುದಿಯಲ್ಲಿ, ಮಡಚಿ ಮಲಗಿದ ಪುಟ್ಟ ಗಿಡ ಇರುತ್ತದೆ. ಎರಡು ಎಲೆಯ ಗೆರೆ ಕೂಡ ಕಾಣುತ್ತದೆ, ಕಣ್ಣು ಚುರುಕಿದ್ದರೆ. ಮಿಲ್ಲಿನಲ್ಲಿ ಕಾಳು ಒಡೆಯುವಾಗ ಆ ಮರಿ ಗಿಡ ಉದುರಿ ಹೋಗುತ್ತದೆ, ಉಳಿಯುವುದು ಅದರ ಬುತ್ತಿ ಮಾತ್ರ. ನಾವು ಸಾರು ಮಾಡುವುದು ಆ ಬುತ್ತಿಯನ್ನು. ಅವಳು ಎರಡು ದಿನ ಬೇಳೆ ಸಾರು ಉಣ್ಣಲಿಲ್ಲ ಅಂತ ಅವಳ ಅಮ್ಮ ಬಂದು ನನಗೆ ಬೈದರು.

ಮೊಳಕೆ ಬಂದ ಮೇಲೆ ಬಿಸಾಡಬೇಡಿ. ನಾಲ್ಕು ಕಾಳನ್ನು ಮಣ್ಣಿನಲ್ಲಿ ಊರಿ ಕಿಟಕಿಯ ಹತ್ತಿರ ಇಡಿ. ಒಂದನ್ನು ಬೇಕಂತಲೇ ಬೇರು ಮೇಲೆ ಮಾಡಿ ಊರಿ. ಬೇರು ಬಾಗಿ ಕೆಳಗೇ ಹೋಗುತ್ತದೆ. ಗಿಡ ಬೆರಳುದ್ದ ಆದ ಮೇಲೆ ಕಿಟಕಿಯ ಕಡೆ ವಾಲುತ್ತದೆ. ಗೆರಟೆ ತಿರುಗಿಸಿ ಇಟ್ಟರೆ ಒಂದೆರಡು ದಿನದಲ್ಲಿ ಅದೂ ತಿರುಗುತ್ತದೆ. ದಿನಾ ಬೆಳಿಗ್ಗೆ ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಹತ್ತು ದಿನ ಆದ ಮೇಲೆ ಫೋಟೋಗಳನ್ನು ಬೆರಳಿನಿಂದ ಸರಸರ ಸರಿಸಿ ತೋರಿಸಿ. ಗಿಡ ಎದ್ದು, ಬಾಗಿ, ಕುಣಿಯುತ್ತದೆ. ‘ಅಲುಗಾಡುವುದಕ್ಕೆ ಜೀವ’ ಎಂಬ ಅವಳ ನಿಯಮ ಪೂರ್ತಿ ಸುಳ್ಳೂ ಅಲ್ಲ ಅಂತ ಆಗ ಅವಳಿಗೆ ಗೊತ್ತಾಗುತ್ತದೆ. ಗಿಡ ಅಲುಗಾಡುವುದು ನಮ್ಮ ಕಣ್ಣಿಗೆ ಸಿಗದಷ್ಟು ನಿಧಾನ, ಅಷ್ಟೇ. ಜಗದೀಶಚಂದ್ರ ಬೋಸರು ಇದನ್ನು ಕಾಣಿಸಲೆಂದೇ ಒಂದು ಯಂತ್ರ ಮಾಡಿದ್ದರು. ಗಿಡದ ಬೆಳವಣಿಗೆಯನ್ನು 10,000 ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಅದು. ನಿಮ್ಮ ಕೈಯಲ್ಲಿ ಮೊಬೈಲ್ ಇದೆ, ಐದು ವರ್ಷದವಳಿಗೆ ಅಷ್ಟು ಸಾಕು.

ಮುಟ್ಟಿದರೆ ಮುನಿ ಗಿಡವನ್ನು ಎಲ್ಲರೂ ತೋರಿಸುತ್ತಾರೆ. ತೋರಿಸಿ, ಆದರೆ ಅದನ್ನೇ ಮೊದಲು ತೋರಿಸಬೇಡಿ. ‘ಈ ಗಿಡಕ್ಕೆ ಜೀವ ಉಂಟು, ಬಾಕಿ ಗಿಡಕ್ಕೆ ಇಲ್ಲ’ ಅಂತ ಮಕ್ಕಳು ತೀರ್ಮಾನಿಸಿದ್ದನ್ನು ಎಷ್ಟೋ ಸಲ ಕೇಳಿದ್ದೇನೆ. ಅದಕ್ಕಿಂತ ಅಜ್ಜಿಯಂದಿರ ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ. “ಕತ್ತಲಾದ ಮೇಲೆ ಎಲೆ ಕೊಯ್ಯಬಾರದು, ಗಿಡ ಮಲಗಿರುತ್ತದೆ” ಅಂತ ಹೇಳುತ್ತಾರಲ್ಲ? ಮಳೆಗಾಲದಲ್ಲಿ ರಸ್ತೆ ಬದಿಯಲ್ಲಿ ತಜಂಕ್ (ಚಗಟೆ) ಸೊಪ್ಪು ಧಾರಾಳ ಎದ್ದಿರುತ್ತದೆ. ಮಧ್ಯಾಹ್ನ ಒಮ್ಮೆ, ರಾತ್ರಿ ಊಟಕ್ಕೆ ಮೊದಲು ಟಾರ್ಚ್ ಹಿಡಿದು ಒಮ್ಮೆ ಅದೇ ಗಿಡವನ್ನು ನೋಡಿಕೊಂಡು ಬನ್ನಿ. ಹಗಲು ಅಗಲವಾಗಿ ಬಿಚ್ಚಿಕೊಂಡ ಎಲೆಗಳು ರಾತ್ರಿ ಜೋಡಿ ಜೋಡಿಯಾಗಿ ಮಡಚಿರುತ್ತವೆ. ನಮ್ಮ ಹಾಗೆ ನಿದ್ದೆ ಅಂತ ಅಲ್ಲ, ಎಲೆಯ ಬುಡದಲ್ಲಿ ನೀರು ಆಚೀಚೆ ಸರಿದು ಹಾಗಾಗುತ್ತದೆ. ಅದನ್ನು ಆಮೇಲೆ ಹೇಳಿದರಾಯಿತು. ಅತ್ತೆಯವರನ್ನೂ ಟಾರ್ಚ್ ಹಿಡಿದು ಜೊತೆಗೆ ಬರಲು ಹೇಳಿ.

ಇನ್ನೊಂದು ಗುಟ್ಟು. ವರ್ಕ್‌ಶೀಟಿನಲ್ಲಿ ಎರಡೇ ಗುಂಪು ಇರುತ್ತದೆ. ನಾನು ಮೂರು ಡಬ್ಬಿ ಇಡುತ್ತೇನೆ. ಜೀವ ಇದೆ, ಮೊದಲು ಇತ್ತು, ಯಾವತ್ತೂ ಇರಲಿಲ್ಲ. ಎರಡನೇ ಡಬ್ಬಿ ಇಲ್ಲದಿದ್ದರೆ ಮಕ್ಕಳು ಒಣ ಎಲೆ ಹಿಡಿದುಕೊಂಡು ಎಲ್ಲಿ ಹಾಕುವುದು ಅಂತ ತಿಳಿಯದೆ ನಿಲ್ಲುತ್ತಾರೆ. ನಮ್ಮ ಕರಾವಳಿ ಮನೆಗಳಲ್ಲಿ ಈ ಆಟಕ್ಕೆ ಸಾಮಾನು ಹುಡುಕಬೇಕಾಗಿಲ್ಲ. ಹಿಡಿಸೂಡಿ, ಗೆರಟೆಯ ಸೌಟು, ತೆಂಗಿನ ನಾರಿನ ಹಗ್ಗ, ಮರುವಾಯಿ ಚಿಪ್ಪು, ಮುರಕಲ್ಲಿನ ಚೂರು, ಸ್ಟೀಲ್ ಚಮಚ, ಕರಿಬೇವಿನ ಗಿಡ, ಜಗಲಿಯಲ್ಲಿ ಮಲಗಿದ ಬೆಕ್ಕು. ಬೆಕ್ಕು ಡಬ್ಬಿಗೆ ಒಪ್ಪುವುದಿಲ್ಲ, ಅದು ಬೇರೆ ವಿಷಯ.

ಆಮೇಲೆ ಅಟ್ಟದಲ್ಲಿಟ್ಟ ಒಂದು ಇಡೀ ತೆಂಗಿನಕಾಯಿ ಕೊಡಿ. ಎಲ್ಲಿಗೆ ಹಾಕುತ್ತಾಳೆ? ಹೆಚ್ಚಿನ ಮಕ್ಕಳು ಎರಡನೇ ಡಬ್ಬಿಗೆ ಹಾಕುತ್ತಾರೆ, ಮರದಿಂದ ಬಿದ್ದ ಮೇಲೆ ಮುಗಿಯಿತಲ್ಲ. ಸಿಪ್ಪೆ ಸುಲಿಯದ, ಅಲುಗಾಡಿಸಿದರೆ ನೀರು ಕುಲುಕುವ ಕಾಯಿಯನ್ನು ಬಚ್ಚಲ ನೀರು ಹೋಗುವ ಕಡೆ ನೆರಳಲ್ಲಿ ಬಿಟ್ಟುಬಿಡಿ. ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಮೂರು ಕಣ್ಣಲ್ಲಿ ಮೆತ್ತಗಿರುವ ಒಂದು ಕಣ್ಣಿನಿಂದ ಮೊಳಕೆ ಬಂದು ಸಿಪ್ಪೆ ಸೀಳಿ ಹಸಿರು ಚೂಪು ಹೊರಗೆ ಕಾಣುತ್ತದೆ. ಮಗಳು ಅಷ್ಟರಲ್ಲಿ ಮರೆತಿರುತ್ತಾಳೆ. ಆ ದಿನ ಡಬ್ಬಿಯ ಆಟ ನೆನಪಿಸಿ. ಬೀಜ ಬಹಳ ಕಾಲ ಕಾಯಬಲ್ಲದು. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ಸಿಕ್ಕಿದ, ಸುಮಾರು 2,000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ನೆಟ್ಟಾಗ ಮೊಳಕೆ ಬಂತು. ದೀಪದ ಹುಡುಗನಿಗೆ ಆವತ್ತು ಈ ಕತೆ ಹೇಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮಸಾಲೆ ಡಬ್ಬಿಯಲ್ಲಿ ಕಲ್ಲುಹೂ ಇದ್ದರೆ ಅದನ್ನೂ ಕೊಡಿ. ಹೆಸರಲ್ಲಿ ಕಲ್ಲೂ ಉಂಟು, ಹೂವೂ ಉಂಟು, ಅದು ಎರಡೂ ಅಲ್ಲ. ಶಿಲೀಂಧ್ರವೂ ಪಾಚಿಯೂ ಒಂದಾಗಿ ಬದುಕುವ ಜೀವಿ ಅದು. ಈ ವಿವರ ನಿಮಗೆ, ಮಗುವಿಗೆ ‘ಕಲ್ಲಿನ ಮೇಲೆ ಬೆಳೆಯುವುದು’ ಅಂದರೆ ಸಾಕು.

ಸಮುದ್ರದ ವಿಷಯಕ್ಕೆ ಒಂದು ಭಾನುವಾರ ಮಲ್ಪೆಗೆ ಬನ್ನಿ, ಸಾಧ್ಯವಾದರೆ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೂ ಹೋಗಿ. ಅಲ್ಲಿ ಕಂಬ ಕಂಬವಾಗಿ ನಿಂತ ಬಂಡೆಗಳನ್ನು ಕಂಡು ಮಕ್ಕಳು “ಇದನ್ನು ನೆಟ್ಟವರು ಯಾರು?” ಅನ್ನುತ್ತಾರೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಹರಿದ ಲಾವಾ ತಣಿದು ಕುಗ್ಗಿ ಹಾಗೆ ಸೀಳಿದ್ದು. ಬೆಳೆದ ಹಾಗೆ ಕಾಣುತ್ತದೆ, ಬೆಳೆದದ್ದಲ್ಲ. ಕಾಲಡಿಯಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ ಇರುವ ಜಾಗ ಅಲ್ಲಿದೆ. ಆ ಒಂದೊಂದು ಚಿಪ್ಪೂ ಯಾವುದೋ ಜೀವಿ ಕಟ್ಟಿಕೊಂಡ ಮನೆ. ಒಳಗಿದ್ದದ್ದು ಹೋಯಿತು, ಮನೆ ಉಳಿಯಿತು.

ಮಲ್ಪೆ ದಂಡೆಯಲ್ಲಿ ಒಮ್ಮೆ ಮಕ್ಕಳಿಗೆ ಇದನ್ನೇ ಹೇಳಿ ‘ಮೊದಲು ಇತ್ತು’ ಡಬ್ಬಿಗೆ ಶಂಖ ಹೆಕ್ಕಿಸಿದ್ದೆ. ಹೆಬ್ಬೆರಳಿನಷ್ಟು ದೊಡ್ಡ ಶಂಖವೊಂದನ್ನು ಒಬ್ಬ ಹುಡುಗ ತಂದು ಹಾಕಿದ. ಸ್ವಲ್ಪ ಹೊತ್ತಿಗೆ ಡಬ್ಬಿಯೊಳಗೆ ಕರಕರ ಸದ್ದು. ಬಗ್ಗಿ ನೋಡಿದರೆ ಶಂಖ ಉಳಿದ ಚಿಪ್ಪುಗಳ ಮೇಲೆ ಹತ್ತುತ್ತಿದೆ! ಕೆಳಗಿನಿಂದ ನಾಲ್ಕಾರು ಕೆಂಪು ಕಾಲು, ಎರಡು ಕಡ್ಡಿ ಕಣ್ಣು. ಖಾಲಿ ಶಂಖದೊಳಗೆ ಬಿಡಾರ ಹೂಡುವ ಏಡಿ ಅದು. ಮಕ್ಕಳಲ್ಲಿ ದೊಡ್ಡ ಜಗಳವೇ ಆಯಿತು. ಶಂಖಕ್ಕೆ ಜೀವ ಬಂತು ಅಂತ ಅರ್ಧ ಜನ, ಒಳಗೆ ಬೇರೆ ಯಾರೋ ಇದ್ದಾರೆ ಅಂತ ಅರ್ಧ ಜನ. ಕೊನೆಗೆ ಒಬ್ಬಳು ತೀರ್ಪು ಕೊಟ್ಟಳು: “ಶಂಖ ಮೊದಲು ಇತ್ತು ಡಬ್ಬಿಗೆ. ಏಡಿ ಈಗ ಇದೆ ಡಬ್ಬಿಗೆ. ಆದರೆ ಏಡಿಯನ್ನು ಶಂಖದಿಂದ ತೆಗೆಯಬಾರದು, ಅದಕ್ಕೆ ಚಳಿ ಆಗ್ತದೆ.” ಚಳಿಯ ವಿಷಯ ಬಿಟ್ಟರೆ ನನಗೂ ಅದಕ್ಕಿಂತ ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಏಡಿಯನ್ನು ನೀರಿನಂಚಿಗೆ ಬಿಟ್ಟು ಬಂದೆವು.

ಸೂರ್ಯನ ಬಗ್ಗೆ ಈಗ ಅವಸರ ಬೇಡ. ಮುಟ್ಟಲು ಆಗದ, ಹತ್ತಿರ ಹೋಗಿ ನೋಡಲು ಆಗದ ವಸ್ತುವನ್ನು ಮಕ್ಕಳು ಕೊನೆಗೇ ಬಿಡಿಸಿಕೊಳ್ಳುವುದು.

ನಾಗಬನದ ಕಲ್ಲು. ಇದಕ್ಕೆ ಉತ್ತರ ಹೇಳುವಾಗ ಅಜ್ಜಿಯನ್ನು ಮಗುವಿನ ಎದುರು ತಿದ್ದಲು ಹೋಗಬೇಡಿ, ಅದರ ಅಗತ್ಯವೂ ಇಲ್ಲ. ಮಗಳು ಕೇಳಿದ್ದು ಕಲ್ಲಿನ ಬಗ್ಗೆ, ದೇವರ ಬಗ್ಗೆ ಅಲ್ಲ. ಮನೆಯ ಗೋಡೆಯಲ್ಲಿ ತೀರಿಹೋದ ಅಜ್ಜನ ಫೋಟೋ ಇದ್ದರೆ ಅದರ ಮುಂದೆ ನಿಲ್ಲಿಸಿ. ಫೋಟೋಗೆ ಹೂ ಹಾಕುತ್ತೇವೆ, ಕೈ ಮುಗಿಯುತ್ತೇವೆ. ಕಾಗದಕ್ಕೆ ಹಸಿವಾಗುತ್ತದಾ? ಇಲ್ಲ. ಮತ್ತೆ ಯಾಕೆ ಹಾಕುತ್ತೇವೆ? ಅಜ್ಜನ ಮೇಲಿನ ಪ್ರೀತಿಗೆ. ಹಾಗೆಯೇ ಕಲ್ಲಿಗೆ ಹಸಿವಿಲ್ಲ, ಹಾಲೆರೆಯುವುದು ಅಜ್ಜಿಯ ಭಕ್ತಿಗೆ. ಇಷ್ಟು ಹೇಳಿ ಬನದ ಕಡೆ ತಿರುಗಿ. ಯಾರೂ ಕತ್ತಿ ಹಾಕದ ಕಾರಣ ನಮ್ಮ ಎಷ್ಟೋ ಬನಗಳಲ್ಲಿ ಹಳೆಯ ಮರ, ಬಳ್ಳಿ, ಹುತ್ತ, ಹಕ್ಕಿ ಎಲ್ಲ ಉಳಿದಿವೆ. ಒಂದು ಬನದಲ್ಲಿ ಜೀವ ಇರುವುದು ಎಷ್ಟು ಅಂತ ಹೊರಗೆ ನಿಂತೇ ಎಣಿಸಲು ಹೇಳಿ. ನನ್ನ ಮಕ್ಕಳು ಒಮ್ಮೆ 30 ದಾಟಿಸಿದ್ದರು, ಇರುವೆಯನ್ನು ಒಂದೊಂದಾಗಿ ಎಣಿಸಿದ್ದೂ ಅದರಲ್ಲಿ ಸೇರಿದೆ.

ಇಷ್ಟರಲ್ಲಿ ಯಾವುದಾದರೂ ಒಂದನ್ನೇ ಮಾಡಲು ಸಮಯ ಇದ್ದರೆ, ಒಂದು ಜೀವವನ್ನು ಅವಳ ಕೈಗೆ ಒಪ್ಪಿಸಿ. ಜಪಾನಿನ ಸಂಶೋಧಕಿ ಕಯೋಕೊ ಇನಗಾಕಿ ಶಿಶುವಿಹಾರದ ಮಕ್ಕಳನ್ನು ನೋಡಿ 1990ರಲ್ಲಿ ಬರೆದದ್ದು ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಮನೆಯಲ್ಲಿ ಗೋಲ್ಡ್‌ಫಿಶ್ ಸಾಕಿದ ಮಕ್ಕಳಿಗೆ ಆ ಮೀನಿನ ವಿಷಯ ಜಾಸ್ತಿ ಗೊತ್ತಿತ್ತು, ಅದೇನು ದೊಡ್ಡದಲ್ಲ. ಆದರೆ ತಾವು ಸಾಕದ ಕಪ್ಪೆಯ ಬಗ್ಗೆ ಕೇಳಿದಾಗಲೂ ಅವರು ಮೀನನ್ನು ನೆನೆಸಿಕೊಂಡು ಸರಿಯಾದ ಊಹೆ ಮಾಡಿದರು. ಕಪ್ಪೆ ಮರಿಯಾಗಿಯೇ ಉಳಿಯುತ್ತದಾ ಅಂದರೆ, ಇಲ್ಲ, ನನ್ನ ಮೀನು ದೊಡ್ಡದಾಯಿತಲ್ಲ, ಅನ್ನುವ ಧಾಟಿಯಲ್ಲಿ. ಒಂದನ್ನು ದಿನಾ ನೋಡಿಕೊಂಡ ಮಗುವಿಗೆ ಮತ್ತೊಂದರ ಬಗ್ಗೆ ಯೋಚಿಸಲು ಒಂದು ಹಿಡಿ ಸಿಗುತ್ತದೆ.

ಅದು ಸತ್ತರೆ? ಸಾಯಬಹುದು. ಆಗ ‘ಮಲಗಿದೆ’ ಅನ್ನಬೇಡಿ, ಮಗು ರಾತ್ರಿ ಮಲಗಲು ಹೆದರುತ್ತದೆ. ‘ಸತ್ತಿತು, ಇನ್ನು ನೀರು ಹಾಕಿದರೂ ಏಳುವುದಿಲ್ಲ’ ಅಂತ ಮೆತ್ತಗೆ, ನೇರವಾಗಿ ಹೇಳಿ. ಅತ್ತರೆ ಅಳಲಿ. ಬ್ಯಾಟರಿ ಮುಗಿದ ಆಟಿಕೆಗೆ ಹೊಸ ಬ್ಯಾಟರಿ ಹಾಕಬಹುದು, ಇದಕ್ಕೆ ಆಗುವುದಿಲ್ಲ ಅನ್ನುವ ವ್ಯತ್ಯಾಸವನ್ನು ಮಕ್ಕಳು ಕೆಲವೊಮ್ಮೆ ತಾವೇ ಹೇಳುತ್ತಾರೆ.

ಟೀಚರ್ ಜೊತೆ ಜಗಳ ಬೇಡ. ಒಂದು ತರಗತಿಯಲ್ಲಿ ಮೂವತ್ತು ಮಕ್ಕಳನ್ನು ಇಟ್ಟುಕೊಂಡವರ ಕಷ್ಟ ನನಗೆ ಗೊತ್ತು. ಮೊಳಕೆ ಬಂದ ಗೆರಟೆಯನ್ನು ಮಗಳ ಕೈಯಲ್ಲಿ ಶಾಲೆಗೆ ಕಳಿಸಿ. ಮಾತು ಅದರಿಂದಲೇ ಶುರುವಾಗಲಿ.

ಫ್ಲಾಟಿನಲ್ಲಿ ಮೀನು, ಬೆಕ್ಕು ಕಷ್ಟ ಆದರೆ ನನ್ನ ಸಲಹೆ ಬಸಳೆ. ಮಾರ್ಕೆಟಿನಿಂದ ತಂದ ಕಟ್ಟಿನಲ್ಲಿ ದಪ್ಪ ದಂಟು ಇರುತ್ತದಲ್ಲ, ಸಾರಿಗೆ ಹಾಕಿ ಉಳಿದದ್ದರಲ್ಲಿ ಗೇಣುದ್ದದ ಎರಡು ತುಂಡು ಎತ್ತಿಡಿ. ಎರಡು ಗೆಣ್ಣು ಮಣ್ಣಿನೊಳಗೆ, ಎರಡು ಹೊರಗೆ ಬರುವ ಹಾಗೆ ಓರೆಯಾಗಿ ಊರಿ. ಅಡಿಗೆ ತೂತು ಇರುವ ಕುಂಡವೇ ಆಗಬೇಕು, ಮಳೆಗಾಲದಲ್ಲಿ ನೀರು ನಿಂತರೆ ದಂಟು ಕೊಳೆಯುತ್ತದೆ. ಗೆಣ್ಣಿನ ಹತ್ತಿರ ಹಸಿರು ಮೊಗ್ಗು ಕಂಡ ದಿನ ಮಗಳೇ ಹೇಳಲಿ, ನೀವು ಮೊದಲೇ ನೋಡಿದ್ದರೂ ಸುಮ್ನಿರಿ. ಬಳ್ಳಿ ಹಬ್ಬಲು ಬಾಲ್ಕನಿಯ ಸರಳಿಗೆ ಒಂದು ನಾರಿನ ಹಗ್ಗ ಕಟ್ಟಿಕೊಟ್ಟರೆ ಸಾಕು.